ಚೀಟಿಯ ಬೆನ್ನಿಗೆ ಬರೆದ ನಾಲ್ಕು ಸಾಲು

ಬಣ್ಣದ ನೀರು ಮಾಡುವುದನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತೆ. ಕಾಯಿಸಿ ಆರಿಸಿದ ನೀರು, ಸ್ವಲ್ಪ ಸಕ್ಕರೆ ಪಾಕ, ಕಿತ್ತಳೆ ಸಿಪ್ಪೆಯ ಅರ್ಕ, ಮೇಲೆ ಒಂದು ಚಿಟಿಕೆ ಕೆಂಪು ಬಣ್ಣ. ಕಹಿ ಇರಬೇಕು, ಬಹಳ ಇರಬಾರದು. ಕಹಿ ಇಲ್ಲದಿದ್ದರೆ ಔಷಧ ಅನ್ನಿಸುವುದಿಲ್ಲ. ಬಹಳವಾದರೆ ರೋಗಿ ತಿರುಗಿ ಬರುವುದಿಲ್ಲ. ಈಗ ಔಷಧ ಅಂಗಡಿ ಸೇರುವ ಮಕ್ಕಳಿಗೆ ಇದು ನಗೆಯಾಗಿ ಕಾಣಬಹುದು. ನಿಮಗೆ ಎಲ್ಲವೂ ಕಾರ್ಖಾನೆಯಿಂದ ಮಿಂಚುವ ಹಾಳೆಯಲ್ಲಿ ಕಟ್ಟಿಕೊಂಡು ಬರುತ್ತದೆ. ನಾವು ಕಲಸುತ್ತಿದ್ದೆವು, ಅರೆಯುತ್ತಿದ್ದೆವು, ರೋಗಿ ಮನೆಯಿಂದ ತಂದ ಬಾಟಲಿಯನ್ನು ತೊಳೆದು ತುಂಬಿ, ಅದಕ್ಕೆ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಎಷ್ಟು ಎಂದು ಗುರುತು ಮಾಡಿ ಕೊಡುತ್ತಿದ್ದೆವು.

ನನ್ನ ಹೆಸರು ಖಾದರಸಾಬ್. ಕಂಪೌಂಡರ್ ಆಗಿ ರಾಣೆಬೆನ್ನೂರಿನಲ್ಲಿ ಶುರು ಮಾಡಿದೆ, ಬ್ಯಾಡಗಿಯಲ್ಲಿ ಹನ್ನೊಂದು ವರ್ಷ ಇದ್ದೆ, ಹಾವೇರಿಯಲ್ಲಿ ಮುಗಿಸಿದೆ. ಎಲ್ಲವೂ ಖಾಸಗಿ ದವಾಖಾನೆಗಳೇ. ಯಾವುದರ ಹೆಸರನ್ನೂ ಬರೆಯುವುದಿಲ್ಲ. ಯಾವ ವರ್ಷ ಪಗಾರ ಹೆಚ್ಚಾಯಿತು, ಯಾವ ಡಾಕ್ಟರು ಬೆನ್ನು ತಟ್ಟಿದರು ಎಂಬುದನ್ನೂ ಬರೆಯುವುದಿಲ್ಲ. ಅದರಿಂದ ನಿಮಗೆ ಏನೂ ಸಿಕ್ಕುವುದಿಲ್ಲ. ನಾನು ಕೆಡಿಸಿದ ಒಂದು ಕೆಲಸದ ಬಗ್ಗೆ ಬರೆಯುತ್ತೇನೆ. ಅದು ಬೆರಳ ಕೀಲು ಊದಿದ, ಮನಸ್ಸು ಕುಸಿದ ಒಬ್ಬ ಹೆಣ್ಣುಮಗಳದು.

ಅದಕ್ಕೆ ಮೊದಲು ನನ್ನ ಒಂದು ಚಟದ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಮಾತು ಉರ್ದು. ಕನ್ನಡವನ್ನು ನನಗೆ ಕಲಿಸಿದವರು ನಮ್ಮ ಓಣಿಯ ಮುದುಕರು. ಸಂಜೆ ಕಟ್ಟೆಯ ಮೇಲೆ ಕೂತು ಮಗಳ ಊರಿಗೆ, ತಮ್ಮನ ಊರಿಗೆ ನನ್ನ ಕೈಯಿಂದ ಕಾಗದ ಬರೆಸುತ್ತಿದ್ದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ಓದಿದರೆ ಮುದುಕ ಎದುರಿಗೆ ಕೂತು ಮಾತಾಡಿದಂತೆ ಕೇಳಬೇಕು. ಹೀಗೆ ನನಗೆ ಬಿಚ್ಚುಮನದ ಕನ್ನಡ ಬಂತು; ಅಕ್ಷರವೂ ದುಂಡಗಾಯಿತು. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ರಾಣೆಬೆನ್ನೂರಿನಲ್ಲಿದ್ದಾಗ ಐರಣಿಯಿಂದ ಒಬ್ಬ ಅಂಬಿಗ ಬಂದ. ಹುಟ್ಟು ಹಾಕಿ ಹಾಕಿ ಭುಜ ಹಿಡಿದಿತ್ತು. ಡಾಕ್ಟರು ಹಚ್ಚಿಕೊಳ್ಳುವ ಎಣ್ಣೆ ಬರೆದರು, ನಾನು ಬಾಟಲಿ ತುಂಬಿ ಕೊಟ್ಟೆ. ಹಚ್ಚಬೇಕು, ಕುಡಿಯಬಾರದು ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿಯನ್ನೂ ಅಂಟಿಸಿದೆ. ಅವನು ಊರಿಗೆ ಹೋಗಿ ಮೂರು ಹೊತ್ತು ಕುಡಿದ. ನಾಲ್ಕನೆಯ ದಿನ ಬಂದು ನನ್ನ ಮುಂದೆ ಕೂತ.

"ಸಾಹೇಬ್ರ, ಭುಜ ಆರಾಮಾತ್ರಿ. ಈಗ ಹೊಟ್ಟಿಗೆ ಏನರ ಕೊಡ್ರಿ."

ಭುಜ ಹೇಗೆ ಆರಾಮಾಯಿತೋ ದೇವರೇ ಬಲ್ಲ. ಮೂರು ದಿನ ವಾಂತಿಭೇದಿಯಾಗಿ ಹಾಸಿಗೆ ಬಿಟ್ಟು ಏಳದವನಿಗೆ ಹುಟ್ಟು ಹಾಕುವುದೆಲ್ಲಿ ಬಂತು? ಭುಜಕ್ಕೆ ರಜೆ ಸಿಕ್ಕಿತ್ತು, ಅಷ್ಟೆ. ಆ ದಿನದಿಂದ ನಾನು ಪ್ರತಿ ಚೀಟಿಯ ಬೆನ್ನಿಗೆ ಕನ್ನಡದಲ್ಲಿ ಬರೆಯತೊಡಗಿದೆ. "ಇದು ಹಚ್ಚೂದು, ಕುಡಿಯೂದಲ್ಲ." "ಉಂಡ ಮೇಲೆ ಒಂದು. ಉಣ್ಣದಿದ್ದರೆ ಬೇಡ." "ನಿದ್ದೆ ಬರುತ್ತದೆ, ಬಂಡಿ ಹೂಡಬೇಡ." ಬರೆದ ಮೇಲೆ ದವಾಖಾನೆಯ ಸಿಕ್ಕಾ ಒತ್ತುತ್ತಿದ್ದೆ, ಏಕೆಂದರೆ ಸಿಕ್ಕಾ ಇಲ್ಲದ ಕಾಗದಕ್ಕೆ ನಮ್ಮ ಜನ ಬೆಲೆ ಕೊಡುವುದಿಲ್ಲ. ಸುತ್ತಲ ಹಳ್ಳಿಗಳಲ್ಲಿ ಈ ಚೀಟಿಗಳಿಗೆ ಹೆಸರು ಬಂತು. ಡಾಕ್ಟರ ಬರಹ ಮುಂದೆ, ನನ್ನ ಬರಹ ಹಿಂದೆ. ಓದುತ್ತಿದ್ದದ್ದು ಹಿಂದಿನದನ್ನೇ.

ಎಂಬತ್ತನಾಲ್ಕರ ಸುಮಾರಿಗೆ ನಾನು ಬ್ಯಾಡಗಿಯಲ್ಲಿದ್ದೆ. ಅಲ್ಲಿನ ಡಾಕ್ಟರು ಹಿರಿಯರು, ಕೈಗುಣ ಇದ್ದವರು. ಹಾವು ಕಚ್ಚಿದವರನ್ನು ಬದುಕಿಸಿದ್ದನ್ನು, ಅಡ್ಡ ತಿರುಗಿದ ಕೂಸನ್ನು ಹೊರತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರನ್ನು ಕೆಟ್ಟವರೆಂದರೆ ನನ್ನ ನಾಲಗೆ ಬಿದ್ದೀತು. ಆದರೆ ಮೈಕೈ ನೋವೆಂದು ಬರುವ ಹೆಂಗಸರ ಪಾಲಿಗೆ ಅವರ ಹತ್ತಿರ ಒಂದೇ ಔಷಧವಿತ್ತು. ಚೀಟಿಯ ಮೂಲೆಯಲ್ಲಿ ಸಣ್ಣದೊಂದು ಸೊನ್ನೆ ಸುತ್ತುತ್ತಿದ್ದರು. ಸೊನ್ನೆ ಎಂದರೆ ಬಣ್ಣದ ನೀರು. "ಅರ್ಧ ಮನಿ ನೋವು, ಅರ್ಧ ಮನಸಿನ ನೋವು, ಖಾದರ್. ಅದಕ್ಕ ನಾವೇನು ಕೊಡೂಣು?" ಎನ್ನುತ್ತಿದ್ದರು.

ಗುತ್ತೆವ್ವ ಅತ್ತೆಯ ಜೊತೆ ಬಂದಳು. ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ತವರು ಕುಪ್ಪೇಲೂರು. ಗಂಡ ಶೇಖಪ್ಪನ ಮನೆತನಕ್ಕೆ ಹೊಲವೂ ಇತ್ತು, ಮೆಣಸಿನಕಾಯಿ ವ್ಯಾಪಾರವೂ ಇತ್ತು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಶಾರದಾ. ನನ್ನ ಮೇಜಿಗೂ ಡಾಕ್ಟರ ಕೋಣೆಗೂ ನಡುವೆ ಎದೆಮಟ್ಟದ ಗೋಡೆ ಮಾತ್ರ, ಹಾಗಾಗಿ ಎಲ್ಲವೂ ಕೇಳುತ್ತಿತ್ತು.

ಅತ್ತೆ ನಿಂಗವ್ವ ಸೊಸೆಗೆ ಬಾಯಿ ತೆರೆಯಲು ಬಿಡಲಿಲ್ಲ. "ಡಾಕ್ಟರ್ ಸಾಹೇಬ್ರ, ಈಕಿ ಬೇನಿ ಗಡಿಯಾರ ನೋಡಿ ಬರತೈತ್ರಿ. ಮುಂಜಾನಿ ರೊಟ್ಟಿ ಬಡಿಯೂ ಹೊತ್ತಿಗೆ ಕೈ ಮಡಚಾಕ ಬರಂಗಿಲ್ಲಂತ. ಮಧ್ಯಾಹ್ನ ಉಣ್ಣೂ ಹೊತ್ತಿಗೆ ನೆಟ್ಟಗ ತುತ್ತು ಮಾಡಿ ಬಾಯಾಗ ಇಟ್ಗೊಂತಾಳ."

ಡಾಕ್ಟರು ನಕ್ಕರು. "ಹೌದೇನವ್ವಾ? ಮಧ್ಯಾಹ್ನ ಹೆಂಗ ಆರಾಮಾಗತೈತಿ?"

"ಗೊತ್ತಿಲ್ರಿ. ತಾನ ಸಡಲಾಗತೈತ್ರಿ." ಮಗಳನ್ನು ಸೊಂಟದಿಂದ ಇಳಿಸಿ, "ಕೈ ಅಷ್ಟ ಅಲ್ರಿ. ಕಣ್ಣು ಬಿಟ್ಟ ಕೂಡಲೆ ಯಾಕರ ಬೆಳಗಾತೋ ಅನಸ್ತೈತ್ರಿ. ಏನೂ ಬ್ಯಾಡ ಅನಸ್ತೈತ್ರಿ," ಎಂದವಳೇ ಅಳತೊಡಗಿದಳು.

"ನೋಡ್ರಿ, ನೋಡ್ರಿ, ಇದ ನೋಡ್ರಿ," ಎಂದಳು ನಿಂಗವ್ವ. "ಮನ್ಯಾಗೂ ಇದ ಆಟ."

ಚೀಟಿ ನನ್ನ ಮೇಜಿಗೆ ಬಂತು. ಮೂಲೆಯಲ್ಲಿ ಸೊನ್ನೆ.

ನನಗೆ ಆ ಹುಡುಗಿಯ ಮೇಲೆ ಕರುಣೆ ಬಂತು. ಕರುಣೆಯಿಂದ ಏನು ಮಾಡಿದೆ ಗೊತ್ತೇ? ಬಣ್ಣದ ನೀರಿಗೆ ಒಂದು ಚಮಚ ಸಕ್ಕರೆ ಪಾಕ ಹೆಚ್ಚು ಹಾಕಿದೆ. ಬೆನ್ನಿಗೆ "ಸಾವಕಾಶ ಗುಣವಾಗುತ್ತದೆ, ಚಿಂತೆ ಬೇಡ" ಎಂದು ಬರೆದೆ. ಇಷ್ಟು ವರ್ಷದ ಮೇಲೂ ಆ ಚಮಚ ನೆನಪಾದರೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಮುಂಜಾನೆ ಬೆರಳು ಬಿಗಿದುಕೊಂಡು, ಹೊತ್ತೇರಿದಂತೆ ಸಡಿಲವಾಗುವುದು ಕೀಲೂತದ ಮುಖ್ಯ ಗುರುತು. ಇದನ್ನು ಇಂದು ನಿಮ್ಮ ಮೊದಲ ವರ್ಷದ ಪುಸ್ತಕದಲ್ಲೇ ಬರೆದಿರುತ್ತಾರೆ. ನಿಂಗವ್ವ ಸೊಸೆಯ ಮೇಲೆ ಚಾಡಿ ಹೇಳಲು ಬಂದು, ರೋಗದ ಗುರುತನ್ನೇ ಡಾಕ್ಟರ ಕಿವಿಗೆ ಹಾಕಿ ಹೋಗಿದ್ದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಳು ಅಡ್ಡ ಬಂದಿತ್ತು.

ನಾಲ್ಕು ತಿಂಗಳು ಗುತ್ತೆವ್ವ ಬಣ್ಣದ ನೀರು ಕುಡಿದಳು. ಅಷ್ಟರಲ್ಲಿ ಮೆಣಸಿನಕಾಯಿಯ ಸುಗ್ಗಿ ಬಂತು. ಆ ದಿನಗಳಲ್ಲಿ ಬ್ಯಾಡಗಿಯ ಯಾವ ಓಣಿಗೆ ಹೋದರೂ ಕೆಂಪು ರಾಶಿಯ ಸುತ್ತ ಹೆಂಗಸರು ಕೂತು ತುಂಬು ಬಿಡಿಸುತ್ತಿರುತ್ತಾರೆ. ಕಾಯಿಯ ತೊಟ್ಟನ್ನು ಬೆರಳ ತುದಿಯಿಂದ ಚಿವುಟುವ ಕೆಲಸ. ಶೇಖಪ್ಪನ ಅಂಗಳದಲ್ಲೂ ಹತ್ತು ಹನ್ನೆರಡು ಮಂದಿ ಕೂರುತ್ತಿದ್ದರು. ಕೂಲಿಗೆ ಬಂದ ಹೆಂಗಸರ ಮುಂದೆ ಬುಟ್ಟಿ ತುಂಬುತ್ತಿತ್ತು, ಮನೆಯ ಸೊಸೆಯ ಮುಂದೆ ತಳ ಮುಚ್ಚುತ್ತಿರಲಿಲ್ಲ. "ನಿಮ್ಮ ಸೊಸಿ ಒಂದೊಂದು ಕಾಯಿಗೂ ಹೆಸರಿಟ್ಟು ಬಿಡಸಾಕತ್ತಾಳ ಬಿಡ್ರಿ," ಎಂದು ಒಬ್ಬಾಕೆ ಅಂದದ್ದು ಊರೆಲ್ಲ ಸುತ್ತಿ ದವಾಖಾನೆಯವರೆಗೆ ಬಂದಿತ್ತು.

ಒಂದು ದಿನ ಬಾಟಲಿ ತುಂಬಿಸಿಕೊಳ್ಳಲು ಮಗಳೊಂದಿಗೆ ಬಂದಳು. ಬಾಟಲಿಯನ್ನು ಬೆರಳಿನಲ್ಲಿ ಹಿಡಿದಿರಲಿಲ್ಲ. ಎರಡೂ ಮಣಿಕಟ್ಟುಗಳ ನಡುವೆ ಒತ್ತಿ ಹಿಡಿದಿದ್ದಳು. ನಾನು ಮೇಜು ಬಿಟ್ಟು ಎದ್ದು ಹೊರಗೆ ಬಂದು ನೋಡಿದೆ. ಎರಡೂ ಕೈಗಳ ಬೆರಳ ಗಂಟುಗಳು ಒಂದೇ ರೀತಿ ಉಬ್ಬಿ ಮಿರಿಮಿರಿ ಹೊಳೆಯುತ್ತಿದ್ದವು. ಅವಳನ್ನು ಕರೆದುಕೊಂಡು ನೇರವಾಗಿ ಒಳಗೆ ಹೋದೆ.

ಡಾಕ್ಟರು ಕೈ ಹಿಡಿದು ಒತ್ತಿ ನೋಡಿದರು. ಮುಖ ಸಣ್ಣದಾಯಿತು. "ಇದು ಸಂಧಿವಾತ, ಖಾದರ್. ಮೊದಲ ಯಾಕ ತೋರಸಲಿಲ್ಲವ್ವಾ?"

"ತೋರಸೇನ್ರಿ," ಎಂದಳು ಗುತ್ತೆವ್ವ.

ಡಾಕ್ಟರು ತಲೆ ಎತ್ತದೆ ಸ್ಟಿರಾಯ್ಡಿನ ಸಣ್ಣ ಬಿಳಿ ಗುಳಿಗೆ ಬರೆದರು. ಆಗ ನಮ್ಮ ಕೈಗೆ ಸಿಗುತ್ತಿದ್ದದ್ದರಲ್ಲಿ ಅದಕ್ಕಿಂತ ಲಗೂ ಕೆಲಸ ಮಾಡುವುದು ಬೇರೊಂದಿರಲಿಲ್ಲ. ಎಂಟು ದಿನದಲ್ಲಿ ಊತ ಇಳಿಯಿತು. ಹದಿನೈದನೆಯ ದಿನ ನಿಂಗವ್ವ ಒಂದು ಬುಟ್ಟಿ ಜೋಳದ ರೊಟ್ಟಿ ಹೊತ್ತುಕೊಂಡು ದವಾಖಾನೆಗೆ ಬಂದಳು. "ನಮ್ಮ ಸೊಸಿ ಬಡದಾಳ್ರಿ. ತಿಂದು ನೋಡ್ರಿ, ಹಪ್ಪಳದಂಗ ಅದಾವು." ಗುತ್ತೆವ್ವ ಬಾಗಿಲ ಹತ್ತಿರ ನಿಂತು ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಬೆರಳ ಊತ ಇಳಿದಾಗ ಮನಸ್ಸೂ ಎದ್ದು ಕೂತಿತ್ತು. ಇದನ್ನು ನಾನು ಕಂಡೆ, ಡಾಕ್ಟರೂ ಕಂಡರು. ಸಂತೋಷಪಟ್ಟೆವು. ಇದರ ಅರ್ಥವೇನು ಎಂದು ಇಬ್ಬರಲ್ಲಿ ಒಬ್ಬರೂ ಯೋಚಿಸಲಿಲ್ಲ.

ಮೂರು ತಿಂಗಳಿಗೆ ಮುಖ ದುಂಡಗಾಗಿ ಊದಿಕೊಂಡಿತು. ಡಾಕ್ಟರು ಹೆದರಿದರು. "ಸಾಕು, ನಿಲ್ಲಸು," ಎಂದರು. ಒಂದೇ ದಿನಕ್ಕೆ ನಿಲ್ಲಿಸಿದೆವು. ಮಕ್ಕಳೇ, ಈ ಗುಳಿಗೆಯನ್ನು ಹಾಗೆ ತಟ್ಟನೆ ನಿಲ್ಲಿಸಬಾರದು, ಇಳಿಸುತ್ತಾ ಇಳಿಸುತ್ತಾ ಬರಬೇಕು. ಆಗಲೂ ಇದು ಗೊತ್ತಿದ್ದ ಸಂಗತಿಯೇ. ಡಾಕ್ಟರು ಗಡಿಬಿಡಿಯಲ್ಲಿ ಹೇಳಿದರು, ನಾನು ಎದುರು ಮಾತಾಡಬಾರದು ಎಂಬ ಅಭ್ಯಾಸದಲ್ಲಿ ಸುಮ್ಮನಿದ್ದೆ. ವಾರದೊಳಗೆ ಬೆರಳು ಮೊದಲಿಗಿಂತ ಎರಡು ಪಟ್ಟು ಊದಿದವು. ಅವಳು ಹಾಸಿಗೆ ಹಿಡಿದಳು.

ಆಮೇಲೆ ಬೇರೆ ಗುಳಿಗೆ ಬರೆದರು. ಅವು ನಿಧಾನದವು, ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಒಂದು ದಿನ ಶೇಖಪ್ಪ ಆ ಗುಳಿಗೆಗಳನ್ನೆಲ್ಲ ರುಮಾಲಿನಲ್ಲಿ ಕಟ್ಟಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದ. ಒಂದೂ ಕಡಿಮೆಯಾಗಿರಲಿಲ್ಲ.

"ತಗೋ ಅಂದ್ರ ಅಂಗೈಯಾಗ ಇಟ್ಗೊಂಡು ಕುಂದರತಾಳ್ರಿ. ಬೈದ್ರ ಅಳಂಗಿಲ್ಲ. ಮೊದಲ ಅಳತಿದ್ದಳು, ಈಗ ಅದೂ ಇಲ್ರಿ. ಹುಡುಗಿ ತಲಿ ಬಾಚಿ ಎಂಟು ದಿನಾತು. ಆಕಿ ಬಂದು ಮೈಮ್ಯಾಲೆ ಬಿದ್ರ ಆ ಕಡೆ ಹೊಳ್ಳತಾಳ."

ಶೇಖಪ್ಪ ಕೆಟ್ಟ ಗಂಡನಲ್ಲ. ಆಗಿನ್ನೂ ಅಲ್ಲ. ಅವನ ಕಣ್ಣಲ್ಲಿ ಹೆದರಿಕೆ ಇತ್ತು.

ನಾನು ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಕೈ ಹಿಂಗಾದ್ರ ಯಾರಿಗೆ ಬ್ಯಾಸರ ಬರಂಗಿಲ್ಲೋ? ಕೀಲು ಆರಾಮಾದ್ರ ಅದೂ ತಾನ ಹೋಗತೈತಿ," ಎಂದರು.

"ಕೀಲು ಆರಾಮಾಗಾಕ ಗುಳಿಗಿ ನುಂಗಬೇಕಲ್ರಿ. ನುಂಗಾಕ ಮನಸಿಲ್ಲ ಆಕಿಗೆ."

"ನೀ ಯಾವಾಗಿಂದ ಡಾಕ್ಟರ್ ಆದಿ?"

ನಾನು ಹೊರಗೆ ಬಂದೆ. ಮೊದಲು ಅತ್ತಳೆಂದು ಕೈ ನೋಡಲಿಲ್ಲ. ಕೈ ನೋಡಿದ ಮೇಲೆ ಅಳು ನೋಡಲಿಲ್ಲ. ಒಂದು ಬೇನೆಯ ಹಿಂದೆ ಇನ್ನೊಂದು ಅಡಗಿ ಕೂತು ಇಬ್ಬರಿಗೂ, ಎಂದರೆ ನನಗೂ ಡಾಕ್ಟರಿಗೂ, ಎರಡು ಸಲ ಮೋಸ ಮಾಡಿತು. ಅವಳ ಪಾಲಿಗೆ ಅವೆರಡೂ ಒಂದೇ ಆಗಿದ್ದವು. ಬೇರೆ ಬೇರೆ ಮಾಡಿ ಇಟ್ಟವರು ನಾವು.

ಆಗ ಹುಬ್ಬಳ್ಳಿಯಿಂದ ಒಬ್ಬ ತರುಣ ಡಾಕ್ಟರು ಹಾವೇರಿಗೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ನಮ್ಮ ಡಾಕ್ಟರಿಗೆ ಹೇಳದೆ ನಾನು ಶೇಖಪ್ಪನಿಗೆ ಅವರ ಹತ್ತಿರ ಹೋಗಲು ತಿಳಿಸಿದೆ. ನಾನೂ ಜೊತೆಗೆ ಹೋದೆ. ಆ ತರುಣ ಗುತ್ತೆವ್ವನನ್ನು ಮುಕ್ಕಾಲು ತಾಸು ಮಾತಾಡಿಸಿದರು. ಕೀಲು ನೋಡಿದ್ದು ಹತ್ತು ನಿಮಿಷ. ಮಿಕ್ಕದ್ದೆಲ್ಲ ನಿದ್ದೆ ಹೇಗೆ, ಊಟ ಹೇಗೆ, ಮಗಳನ್ನು ನೋಡಿದರೆ ಏನನ್ನಿಸುತ್ತದೆ ಎಂಬ ಪ್ರಶ್ನೆಗಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಊತ ಬೆರಳಿಗಷ್ಟ ಅಂತ ತಿಳೀಬ್ಯಾಡ್ರಿ ಸಾಹೇಬ್ರ. ಮೈಯೊಳಗ ಬೆಂಕಿ ಬಿದ್ದಂಗ ಅದು. ಮನಸ್ಸೇನು ಮೈ ಬಿಟ್ಟು ಹೊರಗೈತೇನು? ಈ ಬೇನಿ ಬಂದವರೊಳಗ ಭಾಳ ಮಂದಿ ಹಿಂಗ ಕುಸೀತಾರ. ಕುಸಿದವರು ಗುಳಿಗಿ ಬಿಡ್ತಾರ. ಗುಳಿಗಿ ಬಿಟ್ರ ಕೀಲು ಮತ್ತಷ್ಟು ಹೋಗತಾವು. ಎರಡಕ್ಕೂ ಕೂಡೇ ಔಷಧ ಕೊಡಬೇಕು. ಮನಸಿನ ಸಲುವಾಗಿ ಒಮ್ಮೆ ಧಾರವಾಡಕ್ಕ ತೋರಸ್ರಿ. ಅಲ್ಲಿ ಇರೂದೇನೂ ಬ್ಯಾಡ, ಗುಳಿಗಿ ಬರದು ಕಳಸ್ತಾರ."

ಇದೆಲ್ಲವನ್ನೂ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದುಕೊಟ್ಟರು. ಬ್ಯಾಡಗಿಗೆ ಬಂದ ಮರುದಿನ ಶೇಖಪ್ಪ ಅದನ್ನು ಹಿಡಿದುಕೊಂಡು ಬಂದ. "ಅವ್ವ ಕೇಳಾಕತ್ತಾಳ್ರಿ, ಏನು ಬರದಾರ ಅಂತ. ನಿಮ್ಮ ಕನ್ನಡದಾಗ ಬರದು ಕೊಡ್ರಿ, ಮನ್ಯಾಗ ಓದಿ ಹೇಳತೇನಿ."

ನಮ್ಮ ಕಡೆ ಧಾರವಾಡಕ್ಕೆ ಕಳಿಸುವುದು ಎಂದರೆ ಏನೆಂದು ತೊದಲು ನುಡಿಯುವ ಮಗುವಿಗೂ ಗೊತ್ತು. ಮನಸ್ಸಿನ ರೋಗದ ಆಸ್ಪತ್ರೆ ಇರುವ ಊರು ಅದು. ಜಗಳದಲ್ಲಿ ಬೈಗುಳವಾಗಿ ಬಳಸುತ್ತಾರೆ. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನನ್ನ ಕನ್ನಡದ ಮೇಲೆ ನನಗೆ ಅಷ್ಟು ಭರವಸೆ. ಬಿಡಿಸಿ ಬರೆದರೆ ಯಾರಿಗಾದರೂ ತಿಳಿಯುತ್ತದೆ ಎಂದುಕೊಂಡೆ. ಹಾಳೆಯ ಬೆನ್ನಿಗೆ ದುಂಡಗಿನ ಅಕ್ಷರದಲ್ಲಿ ಬರೆದೆ:

"ಗುತ್ತೆವ್ವನಿಗೆ ಎರಡು ಬೇನೆ ಇವೆ. ಒಂದು ಕೀಲಿನದು, ಒಂದು ಮನಸ್ಸಿನದು. ಮನಸ್ಸಿನ ಬೇನೆಗೆ ಧಾರವಾಡಕ್ಕೆ ತೋರಿಸಬೇಕು. ಎರಡಕ್ಕೂ ಔಷಧ ಬಿಡಬಾರದು."

ನಾಲ್ಕು ಸಾಲು. ಕೆಳಗೆ ಸಿಕ್ಕಾ ಒತ್ತಿದೆ.

ಒಂದು ವಾರ ಕಳೆಯಿತು. ಶೇಖಪ್ಪನ ಮನೆಯಿಂದ ನನಗೆ ಕರೆ ಬಂತು. ಹೋಗಿ ನೋಡಿದರೆ ಪಡಸಾಲೆಯ ತುಂಬ ಜಮಖಾನೆ ಹಾಸಿದ್ದಾರೆ. ಅವರ ಬೀದಿಯ ನಾಲ್ಕು ಜನ ಹಿರಿಯರು, ಕುಪ್ಪೇಲೂರಿನಿಂದ ಗುತ್ತೆವ್ವನ ಅಣ್ಣ ಹನಮಂತಪ್ಪ. ನಡುವೆ ನನ್ನ ಹಾಳೆ, ಗಾಳಿಗೆ ಹಾರದಂತೆ ಮೇಲೆ ಒಂದು ಅಡಕೊತ್ತು. ಒಳಬಾಗಿಲ ಹಿಂದೆ ಹಸಿರು ಬಳೆಯ ಒಂದು ಕೈ ಚೌಕಟ್ಟಿಗೆ ಆತುಕೊಂಡಿತ್ತು. ಬೆರಳು ಊದಿದ ಕೈ.

ಹಿರಿಯರಲ್ಲಿ ದೊಡ್ಡವರು ನನಗೆ ಚಹಾ ಕೊಡಿಸಿದರು. "ಕುಂದ್ರಿ ಸಾಹೇಬ್ರ. ಇದು ನಿಮ್ಮ ಅಕ್ಷರ ಹೌದಲ್ರಿ?"

"ಹೌದ್ರಿ."

"ಸಿಕ್ಕಾ ದವಾಖಾನಿದಲ್ರಿ?"

"ಹೌದ್ರಿ."

"ಒಮ್ಮೆ ಓದ್ರಿ. ಎಲ್ಲಾರೂ ಕೇಳಲಿ."

ಓದಿದೆ. ಓದಿದ ಮೇಲೆ ವಿವರಿಸಲು ಹೋದೆ. "ಹಿರಿಯರ, ಇದು ನೀವು ತಿಳಕೊಂಡಂಗ ಹುಚ್ಚಲ್ರಿ. ಕೀಲು ಊದಿದವರಿಗೆ ಮನಸ್ಸು..."

"ಧಾರವಾಡ ಅಂತ ಬರದೀರೋ ಇಲ್ಲೋ?"

"ಬರದೇನ್ರಿ, ಆದರ..."

"ಅಷ್ಟ ಸಾಕ್ರಿ."

ನಿಂಗವ್ವ ಗೋಡೆಯ ಪಕ್ಕ ಕೂತವಳು ದನಿ ತೆಗೆದಳು. "ಕೀಲಂದ್ರ ನಾನ ಎಣ್ಣಿ ತಿಕ್ಕತಿದ್ದೆ. ಎಷ್ಟು ದಿನ ತಿಕ್ಕಿಲ್ಲ? ಕೇಳ್ರಿ ಆಕೀನ್ನ. ಆದರ ಇದು? ನಾಳೆ ಒಲಿಮುಂದ ಕೂಸಿನ ಕೂಡ ಏನರ ಮಾಡ್ಕೊಂಡ್ರ? ಮದಿವಿ ಮುಂದ ಇವರು ಹೇಳಬೇಕಿತ್ತು!"

"ಏನ ಹೇಳೂದಬೇ?" ಹನಮಂತಪ್ಪ ಎದ್ದು ನಿಂತ. "ನಮ್ಮ ಮನಿಯಾಗಿದ್ದಾಗ ಆಕಿ ಮೂರು ಮಂದಿ ಕೆಲಸ ಒಬ್ಬಾಕೆ ಮಾಡತಿದ್ದಳು. ನಿಮ್ಮ ಮನಿಗೆ ಬಂದ ಮ್ಯಾಲೆ ಬಂದದ್ದು ಇದು!"

"ಕುಂದರಪ್ಪಾ, ಕುಂದರು," ಎಂದರು ಹಿರಿಯರು. ಕೂಗಾಟ ಅವರಿಗೆ ಬೇಕಾಗಿರಲಿಲ್ಲ. ಅವರ ಹತ್ತಿರ ಕಾಗದವಿತ್ತು.

ಶೇಖಪ್ಪ ಇಡೀ ಹೊತ್ತು ಜಮಖಾನೆಯ ಅಂಚಿನ ದಾರ ಎಳೆಯುತ್ತ ಕೂತಿದ್ದ. ತೀರ್ಮಾನ ಚಹಾ ಆರುವುದರೊಳಗೆ ಮುಗಿಯಿತು. ಗುತ್ತೆವ್ವ ತವರಿಗೆ ಹೋಗುವುದು. ಶಾರದಾ ಇಲ್ಲೇ ಇರುವುದು. ಆರಾಮಾದರೆ ಮುಂದೆ ನೋಡೋಣ.

ಒಳಬಾಗಿಲಿನಿಂದ ಗುತ್ತೆವ್ವ ಹೊರಗೆ ಬಂದಳು. ಅಷ್ಟು ಗಂಡಸರ ಮುಂದೆ ಅವಳು ಬಂದದ್ದೇ ಅವರಿಗೆ ಇನ್ನೊಂದು ಸಾಕ್ಷಿಯಾಯಿತು. ಯಾರನ್ನೂ ನೋಡದೆ ನನಗೆ ಮಾತ್ರ ಅಂದಳು:

"ಕೀಲಿನದಷ್ಟ ಬರದು ನಿಲ್ಲಸಬೇಕಿತ್ರಿ, ಸಾಹೇಬ್ರ."

ಅದೇ ದಿನ ಮಧ್ಯಾಹ್ನದ ಬಸ್ಸಿಗೆ ಹೋದಳು. ಮಗು ಬಸ್ಸಿನ ಹಿಂದೆ ಓಡಿತು, ಅತ್ತಿತು ಎಂದೆಲ್ಲ ಊರಲ್ಲಿ ಹೇಳಿದರು. ನಾನು ನೋಡಲಿಲ್ಲ. ದವಾಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದೆ.

ನಮ್ಮ ಡಾಕ್ಟರಿಗೆ ವಿಷಯ ತಿಳಿಯಿತು. ನನ್ನನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಾ ಸೊನ್ನಿ ಹಾಕಿದ್ದ ಛಲೋ ಇತ್ತಲ್ಲೋ ಖಾದರ್. ಅದರಿಂದ ಯಾರ ಮನಿನೂ ಮುರೀಲಿಲ್ಲ," ಎಂದರು. ಆ ಸೊನ್ನೆ ಅವಳ ಬೆರಳುಗಳನ್ನು ಮುರಿದಿತ್ತು, ನಾಲ್ಕು ತಿಂಗಳ ಹೊತ್ತನ್ನು ತಿಂದಿತ್ತು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆದರೆ ಅಂದಿನಿಂದ ಸೊನ್ನೆ ಇದ್ದ ಚೀಟಿಗೆ ನಾನು ಬಣ್ಣದ ನೀರು ಕಲಸಲಿಲ್ಲ. "ಸಾಮಾನು ತೀರೇತ್ರಿ" ಎನ್ನುತ್ತಿದ್ದೆ. ಒಂದು ವರ್ಷದಲ್ಲಿ ಡಾಕ್ಟರಿಗೂ ತಿಳಿಯಿತು, ಸೊನ್ನೆ ಹಾಕುವುದನ್ನು ಬಿಟ್ಟರು. ಚೀಟಿಯ ಬೆನ್ನಿಗೆ ಬರೆಯುವುದನ್ನು ನಾನೂ ಬಿಟ್ಟೆ. ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಬಾಯಿಂದಲೇ ಹೇಳುತ್ತಿದ್ದೆ, ಅವರ ಬಾಯಿಂದ ತಿರುಗಿ ಹೇಳಿಸುತ್ತಿದ್ದೆ.

ಹನಮಂತಪ್ಪ ಛಲದವನು. ತಂಗಿಯನ್ನು ತಾನೇ ಧಾರವಾಡಕ್ಕೆ ಕರೆದುಕೊಂಡು ಹೋದ. ತರುಣ ಡಾಕ್ಟರು ಹೇಳಿದಂತೆಯೇ ಆಯಿತು. ಅಲ್ಲಿ ಇಟ್ಟುಕೊಳ್ಳಲಿಲ್ಲ, ಗುಳಿಗೆ ಬರೆದು ಕಳಿಸಿದರು. ಎರಡು ಮೂರು ತಿಂಗಳಲ್ಲಿ ಮನಸ್ಸು ಎದ್ದಿತು. ಮನಸ್ಸು ಎದ್ದ ಮೇಲೆ ಕೀಲಿನ ಗುಳಿಗೆಯನ್ನು ತಪ್ಪದೆ ನುಂಗಿದಳು. ಊತ ಇಳಿಯಿತು. ಆದರೆ ಅಷ್ಟರಲ್ಲಿ ಬಲಗೈಯ ಮೂರು ಬೆರಳು, ಎಡಗೈಯ ಎರಡು ಒಂದು ಕಡೆಗೆ ವಾಲಿಬಿಟ್ಟಿದ್ದವು. ಅವು ಹಾಗೆಯೇ ನಿಂತವು. ರೊಟ್ಟಿ ಬಡಿಯಲು ಬಾರದು. ಅಣ್ಣನ ಹಿಟ್ಟಿನ ಗಿರಣಿಯಲ್ಲಿ ತಕ್ಕಡಿಯ ಮುಂದೆ ಕೂರುತ್ತಿದ್ದಳು.

ಆರಾಮಾದಳು ಎಂದು ನಾನೇ ಶೇಖಪ್ಪನ ಮನೆಗೆ ಹೋಗಿ ಹೇಳಿದೆ. ನಿಂಗವ್ವ ನನ್ನನ್ನು ಕೂರು ಎನ್ನಲಿಲ್ಲ. "ಧಾರವಾಡದ ಗುಳಿಗಿ ಬಿಟ್ಟಾಳೇನು?" ಎಂದಳು.

"ಇಲ್ಲ. ಬಿಡಬಾರದು."

"ಹಂಗಾರ ಎಲ್ಲಿ ಆರಾಮಾಗ್ಯಾಳ?"

ಮರುವರ್ಷ ಶೇಖಪ್ಪ ಇನ್ನೊಂದು ಮದುವೆಯಾದ.

ನಾನು ಹಾವೇರಿಗೆ ಬಂದ ಮೇಲೆ ಗುತ್ತೆವ್ವ ತಿಂಗಳಿಗೊಮ್ಮೆ ನನ್ನಲ್ಲಿಗೇ ಔಷಧಕ್ಕೆ ಬರುತ್ತಿದ್ದಳು. ಎರಡೂ ಬಗೆಯ ಗುಳಿಗೆ ಒಂದೇ ಚೀಲದಲ್ಲಿ. ಮಗಳ ಸುದ್ದಿ ನಾನು ಎಲ್ಲಿಂದಾದರೂ ಸಂಗ್ರಹಿಸಿ ಇಟ್ಟಿರುತ್ತಿದ್ದೆ. ಏಳನೆಯದು ಪಾಸಾದಳು, ಉದ್ದ ಜಡೆ ಬಿಟ್ಟಿದ್ದಾಳೆ, ಹತ್ತನೆಯದಕ್ಕೆ ಸಾಲಿ ಬಿಡಿಸಿದರು. ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹಾವೇರಿ ಜಿಲ್ಲೆಯಾದ ಮರುವರ್ಷ ಶೇಖಪ್ಪ ನನ್ನನ್ನು ಹುಡುಕಿಕೊಂಡು ಬಂದ. ತಲೆ ಬೆಳ್ಳಗಾಗಿತ್ತು. ಶಾರದಾಳಿಗೆ ಗದಗಿನ ಕಡೆಯ ಗಂಡು ಗೊತ್ತಾಗಿತ್ತಂತೆ. ಹೆಣ್ಣಿನ ತಾಯಿ ತವರಲ್ಲಿದ್ದಾಳೆ, ಅವಳಿಗೆ ಏನೋ ಇತ್ತಂತೆ ಎಂದು ಬೀಗರ ಕಿವಿಗೆ ಬಿದ್ದಿದೆ. ಔಷಧ ಕೊಟ್ಟವರನ್ನೇ ಕೇಳುತ್ತೇವೆ ಎಂದಿದ್ದಾರೆ.

"ನಾಡಿದ್ದು ಬರತಾರ್ರಿ. ಕೀಲುಬೇನಿ ಅಷ್ಟ ಅನ್ರಿ. ನಿಮ್ಮ ಕಾಲಿಗೆ ಬೀಳತೇನಿ."

ನನಗೆ ಮೈ ಉರಿಯಿತು. "ಆವತ್ತು ಜಮಖಾನಿ ಮ್ಯಾಲೆ ಕುಂತಾಗ ಈ ಮಾತು ಎಲ್ಲಿ ಹೋಗಿತ್ತೋ ಶೇಖಪ್ಪಾ?" ಎಂದೆ. ಅವನು ಅಳತೊಡಗಿದ. ಉತ್ತರ ಕೊಡದೆ ಕಳಿಸಿ, ನಾನು ಮರುದಿನ ಕುಪ್ಪೇಲೂರಿಗೆ ಹೋದೆ. ಇದನ್ನು ಹೇಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುವ ಹಕ್ಕು ಒಬ್ಬಳಿಗೇ ಇತ್ತು.

ಗಿರಣಿ ನಿಲ್ಲಿಸಿ ಕೇಳಿದಳು. ಮೈಮೇಲೆಲ್ಲ ಹಿಟ್ಟು. ಬಹಳ ಹೊತ್ತು ಯೋಚಿಸಲಿಲ್ಲ.

"ಹಂಗ ಅನ್ರಿ. ಕೀಲುಬೇನಿ ಅನ್ರಿ. ಆ ಇನ್ನೊಂದು ಹೇಳಬ್ಯಾಡ್ರಿ."

"ಅದು ಸುಳ್ಳಾಗತೈತಿ ತಂಗಿ. ಎರಡೂ ಕೂಡಿ ಬಂದ ಬೇನಿ. ನಿನಗ ಅದರಾಗ ನಾಚಿಕಿ ಪಡೂದು ಏನೈತಿ?"

"ನನಗ ಏನಿಲ್ರಿ. ಆಕಿಗೆ ಐತಿ. ತಾಯಿ ಕೈ ಸೊಟ್ಟ ಅಂದ್ರ ಯಾರೂ ಹುಡುಗಿ ಬಿಡಂಗಿಲ್ಲ. ತಾಯಿ ಧಾರವಾಡಕ್ಕ ಹೋಗಿದ್ದಳು ಅಂದ್ರ ಬಿಡತಾರ." ಸೆರಗಿನಿಂದ ಹಿಟ್ಟು ಒರೆಸಿಕೊಂಡಳು. "ಮದಿವಿಗೆ ನಾ ಬರಂಗಿಲ್ಲ ಅಂತನೂ ಹೇಳ್ರಿ ಅವರಿಗೆ. ಹೆದರಬ್ಯಾಡಂತ ಹೇಳ್ರಿ."

ಬೀಗರು ಬಂದರು. ಇಬ್ಬರು ಹಿರಿಯರು, ಒಳ್ಳೆಯ ಮನುಷ್ಯರು. ನಾನು ಚಹಾ ತರಿಸಿದೆ.

"ಹುಡುಗಿ ತಾಯಿಗೆ ಏನಾಗಿತ್ರಿ ಖರೇ?"

"ಕೀಲುಬೇನಿರಿ. ಬೆರಳು ಸೊಟ್ಟ ಆದವು."

"ಮತ್ತೇನೂ ಇರಲಿಲ್ಲಲ್ರಿ?"

"ಏನೂ ಇರಲಿಲ್ರಿ."

ಇಬ್ಬರಲ್ಲಿ ವಯಸ್ಸಾದವರು ಬಟ್ಟಲು ಕೆಳಗಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ಬರೇ ಕೀಲುಬೇನಿಗೆ ಕೂಸಿನ ತಾಯೀನ್ನ ತವರಿಗೆ ಕಳಿಸಿದ್ರೇನ್ರಿ? ಎಂಥಾ ಕಟುಕರು! ಹುಚ್ಚಗಿಚ್ಚು ಇದ್ರ ಆ ಮಾತು ಬ್ಯಾರೆ." ನಾನು ಹೌದೆಂದು ತಲೆಯಾಡಿಸಿದೆ.

ಮದುವೆಗೆ ನನಗೆ ಕರೆ ಇತ್ತು, ಹೋದೆ. ಮುಂದಿನ ತಿಂಗಳು ಗುತ್ತೆವ್ವ ಎಂದಿನಂತೆ ಔಷಧಕ್ಕೆ ಬಂದಳು. ಗುಳಿಗೆ ಎಣಿಸಿ ಕೊಟ್ಟೆ. ಹೋಗದೆ ನಿಂತಳು.

"ಕೈ ನೋಡಿದ್ರೇನ್ರಿ ಆಕೀವು? ಬೆರಳು ಊದಿಲ್ಲಲ್ಲ?"

"ನೆಟ್ಟಗದಾವು. ಅಕ್ಕಿಕಾಳು ಹಾಕೂ ಮುಂದ ಹತ್ತರ ನಿಂತು ನೋಡೇನಿ."

"ಮಾರಿ ಹೆಂಗಿತ್ರಿ? ನಕ್ಕೊಂತ ಇದ್ದಳೇನು?"

ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ಬಾಸಿಂಗದ ಕೆಳಗೆ ಮುಖ ಕಂಡಿರಲಿಲ್ಲ. ಒಂದೇ ಒಂದು ಸಲ ಎತ್ತಿದಾಗ ಆ ಕಣ್ಣು ಮಂಟಪದ ಬಾಗಿಲ ಕಡೆಗೆ ಹೋಗಿ, ಅಲ್ಲಿ ಯಾರನ್ನೋ ಹುಡುಕಿ ತಿರುಗಿ ಬಂದಿತ್ತು.

"ನಕ್ಕೊಂತ ಇದ್ದಳವ್ವಾ," ಎಂದೆ.

ಗುತ್ತೆವ್ವ ನನ್ನನ್ನೇ ನೋಡಿದಳು. "ಸುಳ್ಳು ಹೇಳಾಕ ನಿಮಗಿನ್ನೂ ಬರಂಗಿಲ್ರಿ ಸಾಹೇಬ್ರ," ಎಂದು ಗುಳಿಗೆಯ ಚೀಲವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಹೊರಟಳು. ಬೀಗರ ಮುಂದೆ ಅದು ಎಷ್ಟು ಸಲೀಸಾಗಿ ಬಂದಿತ್ತು ಎಂದು ನಾನು ಆಕೆಗೆ ಹೇಳಲಿಲ್ಲ.